ಮೊದಲ ಚರ್ಮದ ಕಾರ್ಡ್ ಹೋಲ್ಡರ್: ಹೊಸಬರಿಗೆ, ಅವರಿಗೆ ಹೇಳಿಕೊಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಚರ್ಮದ ಕೆಲಸ ಹವ್ಯಾಸವಾಗಿ ಶುರು ಮಾಡಿದವರು ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ, "ಹೊಲಿಗೆ ನೇರ ಬರ್ತಾ ಇಲ್ಲ, ಏನ್ ಮಾಡ್ಲಿ?" ಇದಕ್ಕೆ ಉತ್ತರ ಹೊಲಿಗೆಯಲ್ಲಿ ಸಿಗುವುದು ಅಪರೂಪ. ಹೊಲಿಗೆ ಸೊಟ್ಟಗಾಗಿದ್ದು ತೂತು ಸೊಟ್ಟಗಾಗಿದ್ದರಿಂದ. ತೂತು ಸೊಟ್ಟಗಾಗಿದ್ದು ಗೆರೆ ಸರಿ ಇಲ್ಲದ್ದರಿಂದ. ಗೆರೆ ಎಳೆಯುವುದು ಅಂಚಿನ ಆಧಾರದ ಮೇಲೆ, ಆ ಅಂಚೇ ಅಂಕುಡೊಂಕಾಗಿತ್ತು. ಅಂಚು ಕೆಟ್ಟಿದ್ದು ಬ್ಲೇಡ್ ಮೊಂಡಾಗಿದ್ದರಿಂದ. ಈ ಕೆಲಸದಲ್ಲಿ ತಪ್ಪು ಕಣ್ಣಿಗೆ ಬೀಳುವ ಜಾಗ ಒಂದು, ಅದು ನಡೆದ ಜಾಗ ಇನ್ನೊಂದು. ಹಾಗಾಗಿ ಕೆಳಗೆ ಪ್ರತಿ ಹಂತದಲ್ಲೂ "ಇಲ್ಲಿ ಎಡವಿದರೆ ಮುಂದೆ ಎಲ್ಲಿ ಗೊತ್ತಾಗುತ್ತದೆ" ಎಂದೂ ಹೇಳುತ್ತಾ ಹೋಗುತ್ತೇನೆ.

ನಾವು ಮಾಡಲಿರುವುದು ಒಂದು ಸರಳ ಕಾರ್ಡ್ ಹೋಲ್ಡರ್. ಎರಡೇ ತುಂಡು, ಮೂರು ಬದಿ ಹೊಲಿಗೆ, ಮೇಲೆ ಬಾಯಿ. ಎಟಿಎಂ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಪಿವಿಸಿ ಆಧಾರ್ ಮೂರೂ ಸೇರಿ ಹಿಡಿಸುತ್ತವೆ. ನೋಡಲು ತೀರಾ ಚಿಕ್ಕದು ಅನಿಸಬಹುದು. ಆದರೆ ದೊಡ್ಡ ಬ್ಯಾಗಿನಲ್ಲಿ ಬರುವ ಮುಖ್ಯ ಕೆಲಸಗಳೆಲ್ಲ ಇದರಲ್ಲಿವೆ, ಕೆಟ್ಟರೆ ಅಂಗೈಯಗಲ ಚರ್ಮ ಮಾತ್ರ ಹಾಳು.

ಯಾವ ಚರ್ಮ

ಚರ್ಮವನ್ನು ಹದ ಮಾಡುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಮರದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡುವುದು. ನಮ್ಮ ಕಡೆ ಜಾಲಿ ತೊಗಟೆ, ಅಳಲೆಕಾಯಿ, ತಂಗಡಿ ತೊಗಟೆ ಇದಕ್ಕೆ ಬಳಕೆಯಲ್ಲಿವೆ. ಅಂಗಡಿಯವರು ಇದನ್ನು ವೆಜ್ ಟ್ಯಾನ್ ಅನ್ನುತ್ತಾರೆ. ಹದವಾಗಲು ವಾರಗಟ್ಟಲೆ ಬೇಕು. ಇನ್ನೊಂದು ಕ್ರೋಮ್ ಟ್ಯಾನ್, ಅಂದರೆ ಕ್ರೋಮಿಯಂ ಲವಣದಿಂದ ಬೇಗ ಹದ ಮಾಡಿದ್ದು. ಜಗತ್ತಿನ ಹೆಚ್ಚಿನ ಚರ್ಮ ಈಗ ಇದೇ. ಜಾಕೆಟ್, ಸೋಫಾ, ಮೆತ್ತನೆಯ ಬ್ಯಾಗುಗಳಿಗೆ ಕ್ರೋಮ್ ಚೆನ್ನಾಗಿದೆ. ಕಲಿಯುವವರಿಗೆ ವೆಜ್ ಟ್ಯಾನ್ ವಾಸಿ. ಅದು ಗಟ್ಟಿ ಇರುತ್ತದೆ, ನೇರವಾಗಿ ಕತ್ತರಿಸಲು ಬರುತ್ತದೆ, ಅಂಚು ತಿಕ್ಕಿದರೆ ಹೊಳಪು ಬರುತ್ತದೆ. ಕ್ರೋಮ್ ಚರ್ಮದ ಅಂಚನ್ನು ಎಷ್ಟು ತಿಕ್ಕಿದರೂ ಹಾಗೆ ಹೊಳೆಯುವುದಿಲ್ಲ. ಅದಕ್ಕೆ ಅಂಚಿನ ಬಣ್ಣ ಬಳಿಯಬೇಕು, ಆ ಕಸುಬೇ ಬೇರೆ. "ಅಂಚಿನಲ್ಲಿ ನಾರು ನಾರು ಎದ್ದಿದೆ" ಎಂದು ಬೇಸರ ಪಡುವವರಲ್ಲಿ ಅರ್ಧ ಜನರ ಕೈಯಲ್ಲಿ ಇರುವುದು ಕ್ರೋಮ್ ಚರ್ಮ.

ಗುರುತು ಹಿಡಿಯುವುದು ಹೇಗೆ? ಕತ್ತರಿಸಿದ ಅಂಚನ್ನು ನೋಡಿ. ಮೇಲೆ ಕಂದು ಬಣ್ಣ ಇದ್ದು ನಡುವೆ ನೀಲಿ-ಬೂದು ಗೆರೆ ಕಂಡರೆ ಕ್ರೋಮ್. ಪೂರ್ತಿ ಕಂದು ಅಥವಾ ಮಾಸಲು ಬಿಳಿ ಇದ್ದರೆ ಬಹುಪಾಲು ವೆಜ್ ಟ್ಯಾನ್. ಬಣ್ಣ ಹಾಕದ ವೆಜ್ ಟ್ಯಾನ್ ಮೇಲೆ ಒಂದು ಹನಿ ನೀರು ಬಿಟ್ಟರೆ ಕೂಡಲೇ ಹೀರಿಕೊಂಡು ಕಪ್ಪಗಾಗುತ್ತದೆ. ಸುಟ್ಟು ನೋಡಿ ಎಂದು ಕೆಲವರು ಹೇಳುತ್ತಾರೆ. ಮಾಡಬೇಡಿ, ಕ್ರೋಮ್ ಚರ್ಮದ ಹೊಗೆ ಮೂಗಿಗೆ ಹೋಗುವುದು ಒಳ್ಳೆಯದಲ್ಲ.

ದಪ್ಪ 1.2 ಮಿ.ಮೀ. ಇರಲಿ. 1 ಮಿ.ಮೀ. ಆದರೂ ನಡೆಯುತ್ತದೆ. 2 ಮಿ.ಮೀ. ತಂದರೆ ಕಾರ್ಡ್ ಹೋಲ್ಡರ್ ಬದಲು ಹಲಗೆ ಆಗುತ್ತದೆ. ವಿದೇಶಿ ವಿಡಿಯೊಗಳಲ್ಲಿ ದಪ್ಪವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಅಂದರೆ ಸುಮಾರು 0.4 ಮಿ.ಮೀ., ಅಂದರೆ ನಮಗೆ ಬೇಕಾದ್ದು 3 ಔನ್ಸ್. ಬೆಲ್ಟಿಗೆ 3.5 ರಿಂದ 4 ಮಿ.ಮೀ. ಬೇಕು.

ಅಂಗಡಿಯಲ್ಲಿ ಚರ್ಮ ಚದರ ಅಡಿ ಲೆಕ್ಕದಲ್ಲಿ ಸಿಗುತ್ತದೆ. ಚೆನ್ನೈನ ಪೆರಿಯಮೇಟ್, ಮುಂಬೈನ ಧಾರಾವಿ ಇದರ ದೊಡ್ಡ ಪೇಟೆಗಳು. ಪೂರ್ತಿ ಚರ್ಮದ ಹಿಂಬದಿಯಲ್ಲಿ ಅಳತೆ ಬರೆದಿರುತ್ತಾರೆ. ದೊಡ್ಡ ಅಂಕಿಯ ಪಕ್ಕ ಮೇಲ್ಗಡೆ ಚಿಕ್ಕ ಅಂಕಿ ಇದ್ದರೆ ಅದು ಕಾಲು ಅಡಿಗಳ ಲೆಕ್ಕ. 6ರ ಪಕ್ಕ ಚಿಕ್ಕ 2 ಇದ್ದರೆ ಆರೂವರೆ ಚದರ ಅಡಿ. ನಮ್ಮ ಕೆಲಸಕ್ಕೆ ಒಂದು ಚದರ ಅಡಿಯ ತುಂಡು ಧಾರಾಳ. ತೆಗೆದುಕೊಳ್ಳುವಾಗ ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ. ಹೊಟ್ಟೆಯ ಭಾಗದ ಚರ್ಮ ಜಗ್ಗುತ್ತದೆ, ಒಳಬದಿ ಸಡಿಲ ನಾರು ಇರುತ್ತದೆ. ಬೆನ್ನಿನ ಭಾಗ ಜಗ್ಗುವುದಿಲ್ಲ. ಅಗ್ಗವೆಂದು ಹೊಟ್ಟೆ ಭಾಗ ತಂದರೆ ಹೊಲಿದ ಮೇಲೆ ಬಾಯಿ ಅಲೆ ಅಲೆಯಾಗಿ ನಿಲ್ಲುತ್ತದೆ.

ಸಾಮಾನು: ಬೇಕಾದ್ದು ಮತ್ತು ಕಾಯಬಹುದಾದ್ದು

ಬೇಕೇ ಬೇಕಾದ್ದು ಇಷ್ಟು: ಸ್ಟೀಲ್ ಸ್ಕೇಲು, 18 ಮಿ.ಮೀ. ಬ್ಲೇಡಿನ ಕಟರ್, ಕಟಿಂಗ್ ಮ್ಯಾಟ್, ಹೊಲಿಗೆಯ ತೂತು ಹೊಡೆಯುವ, 4 ಮಿ.ಮೀ. ಅಂತರದಲ್ಲಿ ಹಲ್ಲುಗಳಿರುವ ಪ್ರಿಕಿಂಗ್ ಐರನ್ ಎರಡು (ಎರಡು ಹಲ್ಲಿನದೊಂದು, ನಾಲ್ಕು ಅಥವಾ ಆರು ಹಲ್ಲಿನದೊಂದು), ನೈಲಾನ್ ಅಥವಾ ಮರದ ಸುತ್ತಿಗೆ, ತುದಿ ಮೊಂಡಾದ ಎರಡು ಸೂಜಿ, 0.6 ಮಿ.ಮೀ. ಮೇಣದ ಪಾಲಿಯೆಸ್ಟರ್ ದಾರ, ಅಂಟು, ಮರಳು ಕಾಗದ, ಜೇನುಮೇಣ.

ಗೆರೆ ಹಾಕಲು ಶಾಲೆಯ ಜಾಮಿಟ್ರಿ ಬಾಕ್ಸಿನ ಡಿವೈಡರ್ ಸಾಕು, ತಿರುಪು ಬಿಗಿ ಇದ್ದರಾಯಿತು. ಅಂಚು ತಿಕ್ಕಲು ಹಳೆ ಜೀನ್ಸ್ ಬಟ್ಟೆ. ತೂತು ಹೊಡೆಯುವಾಗ ಕೆಳಗಿಡಲು ಅಡುಗೆಮನೆಯ ಪ್ಲಾಸ್ಟಿಕ್ ತರಕಾರಿ ಮಣೆ, ಆಮೇಲೆ ಅದನ್ನು ಅಡುಗೆಮನೆಗೆ ವಾಪಸ್ ಕೊಡಬೇಡಿ. ಹೊಲಿಯುವಾಗ ಚರ್ಮ ಹಿಡಿಯುವ ಸ್ಟ್ಯಾಂಡ್ ಕೂಡ ಈಗಲೇ ಬೇಡ. ಎರಡು ಮರದ ಪಟ್ಟಿಗಳ ನಡುವೆ ಚರ್ಮ ಇಟ್ಟು ತೊಡೆಗಳ ನಡುವೆ ಒತ್ತಿ ಹಿಡಿದರೆ ಅದೇ ಕೆಲಸ ಆಗುತ್ತದೆ.

ಕಬ್ಬಿಣದ ಸುತ್ತಿಗೆ ಮಾತ್ರ ಬೇಡ. ಐರನ್ನಿನ ತಲೆ ಚಪ್ಪಟೆಯಾಗುತ್ತದೆ, ಏಟು ಪುಟಿದು ಹಲ್ಲು ಓರೆಯಾಗುತ್ತದೆ. ದುಡ್ಡು ಹಾಕುವುದಿದ್ದರೆ ಐರನ್ನಿಗೆ ಹಾಕಿ. ಬೇರೆಲ್ಲದಕ್ಕೂ ಮನೆಯಲ್ಲೇ ಏನಾದರೂ ಬದಲಿ ಸಿಗುತ್ತದೆ, ಅದಕ್ಕೆ ಸಿಗುವುದಿಲ್ಲ. ಆನ್‌ಲೈನಿನಲ್ಲಿ ನಲವತ್ತು-ಐವತ್ತು ಸಾಮಾನು ತುಂಬಿದ ಡಬ್ಬಿ ಅಗ್ಗಕ್ಕೆ ಸಿಗುತ್ತದಲ್ಲ, ಅದರಲ್ಲಿ ಕೆಲಸಕ್ಕೆ ಬರುವುದು ಐದಾರು, ಅದರಲ್ಲೂ ಐರನ್ನಿನ ಹಲ್ಲುಗಳಿಗೆ ಮೊನೆಯೇ ಇರುವುದಿಲ್ಲ.

ಅಳತೆ

ಕಾರ್ಡ್ ಎಲ್ಲವೂ ಒಂದೇ ಗಾತ್ರ: 85.6 × 54 ಮಿ.ಮೀ. ನಮ್ಮ ತುಂಡುಗಳು 100 × 50 ಮಿ.ಮೀ., ಎರಡು. ಯಾಕೆ ಇಷ್ಟು? ಎರಡೂ ಪಕ್ಕ ಅಂಚಿನಿಂದ 3.5 ಮಿ.ಮೀ. ಒಳಗೆ ಹೊಲಿಗೆ ಬರುತ್ತದೆ. ಹೊಲಿಗೆಯಿಂದ ಹೊಲಿಗೆಗೆ 93 ಮಿ.ಮೀ. ಉಳಿಯುತ್ತದೆ. ಕಾರ್ಡಿಗಿಂತ ಏಳು ಮಿ.ಮೀ. ಚಿಲ್ಲರೆ ಜಾಸ್ತಿ. ಮೂರು ಕಾರ್ಡ್ ಒಟ್ಟಿಗೆ ಇಟ್ಟಾಗ ಆಗುವ ದಪ್ಪಕ್ಕೆ ಈ ಸಡಿಲ ಬೇಕು. ಎತ್ತರದಲ್ಲಿ ಕಾರ್ಡ್ ಕೆಳಗಿನ ಹೊಲಿಗೆಯ ಮೇಲೆ ಕೂರುತ್ತದೆ, ಹಾಗಾಗಿ ಬಾಯಿಯಿಂದ ಏಳೆಂಟು ಮಿ.ಮೀ. ಹೊರಗೆ ಇಣುಕುತ್ತದೆ. ಅಷ್ಟಿದ್ದರೆ ಬೆರಳಲ್ಲಿ ಹಿಡಿದು ಎಳೆಯಬಹುದು.

ಕಾರ್ಡ್ ಅಳತೆಗೆ ಸರಿಯಾಗಿ ಚರ್ಮ ಕತ್ತರಿಸಿ, ಹೊಲಿದ ಮೇಲೆ ಕಾರ್ಡ್ ಒಳಗೆ ಹೋಗದೆ ಪರದಾಡುವುದು ಹೊಸಬರಲ್ಲಿ ಮಾಮೂಲು. ಚರ್ಮ ಆಮೇಲೆ ಜಗ್ಗಿ ಸರಿಹೋಗುತ್ತದೆ ಎಂದು ಕಾಯುವವರೂ ಇದ್ದಾರೆ. ಒಂದೆರಡು ಮಿ.ಮೀ. ಜಗ್ಗೀತು, ಐದು ಜಗ್ಗುವುದಿಲ್ಲ.

ಮೊದಲು ಗಟ್ಟಿ ಕಾಗದದಲ್ಲಿ ಅಚ್ಚು ಮಾಡಿಕೊಳ್ಳಿ. ಮನೆಯಲ್ಲಿ ಬಿದ್ದಿರುವ ಮದುವೆ ಆಮಂತ್ರಣ ಪತ್ರಿಕೆಗಿಂತ ಒಳ್ಳೆ ಕಾಗದ ಇದಕ್ಕೆ ಬೇರೆ ಇಲ್ಲ. ಮೂಲೆಗಳು ಸರಿಯಾಗಿ ಲಂಬಕೋನ ಇವೆಯೇ ನೋಡಲು ಎದುರು ಬದುರು ಮೂಲೆಗಳ ನಡುವೆ ಅಳೆಯಿರಿ. ಎರಡೂ ಕರ್ಣ ಸಮ ಬರಬೇಕು, ಸುಮಾರು 112 ಮಿ.ಮೀ.

ಕತ್ತರಿಸುವುದು

ಅಚ್ಚನ್ನು ಚರ್ಮದ ನುಣುಪು ಬದಿಯ ಮೇಲಿಟ್ಟು ಮೊನೆಯಿಂದ ಹಗುರವಾಗಿ ಗೀರಿ. ಬಾಲ್ ಪೆನ್ನು ಬೇಡ, ಆ ಶಾಯಿ ಹೋಗುವುದಿಲ್ಲ. ಬಾಯಿಯ ಕಡೆ ಬರುವ ಉದ್ದ ಅಂಚನ್ನು ಬೆನ್ನೆಲುಬಿನ ದಿಕ್ಕಿಗೆ ಇಟ್ಟರೆ ಬಾಯಿ ಕಡಿಮೆ ಜಗ್ಗುತ್ತದೆ.

ಕಟರಿನ ಬ್ಲೇಡಿನ ಒಂದು ತುಂಡು ಮುರಿದು ಹೊಸ ಮೊನೆ ತೆಗೆಯಿರಿ. ಬ್ಲೇಡಿನಲ್ಲಿ ಜಿಪುಣತನ ಮಾಡುವವರು ಚರ್ಮದಲ್ಲಿ ಕಳೆದುಕೊಳ್ಳುತ್ತಾರೆ. ಸ್ಟೀಲ್ ಸ್ಕೇಲನ್ನು ನಮಗೆ ಬೇಕಾದ ತುಂಡಿನ ಮೇಲೆ ಇಡಿ, ಹೊರಗೆ ಬಿಸಾಡುವ ಭಾಗದ ಮೇಲಲ್ಲ. ಕೈ ಜಾರಿದರೂ ಗಾಯ ಆಗುವುದು ಬೇಡದ ಚರ್ಮಕ್ಕೆ. ಎಡಗೈ ಬೆರಳುಗಳನ್ನು ಅಗಲಿಸಿ ಸ್ಕೇಲನ್ನು ಒತ್ತಿ ಹಿಡಿಯಿರಿ. ಒಂದು ಬೆರಳಿನ ತುದಿಯೂ ಸ್ಕೇಲಿನ ಆಚೆ ಇಣುಕಬಾರದು.

ಈಗ ಕತ್ತರಿಸುವುದು. ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಜೋರಾಗಿ ಒತ್ತಿ ಎಳೆದರೆ ಚರ್ಮ ಬ್ಲೇಡಿನ ಜೊತೆ ಜಗ್ಗುತ್ತದೆ, ಕೊನೆಯಲ್ಲಿ ಅಂಚು ಬಿಲ್ಲಿನಂತೆ ಬಾಗಿರುತ್ತದೆ. ಮೊದಲ ಎಳೆತ ಬರೀ ಗೀರಲು, ಎರಡನೆಯದು ಆಳಕ್ಕೆ, ಮೂರನೆಯದಕ್ಕೆ ತುಂಡಾಗಲಿ. ಬ್ಲೇಡ್ ಎಡಕ್ಕೂ ವಾಲಬಾರದು, ಬಲಕ್ಕೂ ವಾಲಬಾರದು. ವಾಲಿದರೆ ಅಂಚು ಇಳಿಜಾರಾಗುತ್ತದೆ. ಎರಡು ತುಂಡು ಜೋಡಿಸಿದಾಗ ಮೇಲಿನ ಪದರ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಉಳಿದು, ಅಂಚು ತಿಕ್ಕುವ ಹಂತದಲ್ಲಿ "ಎಷ್ಟು ಉಜ್ಜಿದರೂ ಸಮ ಆಗ್ತಿಲ್ಲ" ಅನ್ನುವ ದೂರು ಬರುವುದು ಇದರಿಂದಲೇ. ಮೂಲೆ ಹತ್ತಿರ ಬಂದಾಗ ನಿಲ್ಲಿಸಿ, ಇನ್ನೊಂದು ದಿಕ್ಕಿನಿಂದ ಬಂದು ಸೇರಿಸಿ.

ಅಂಟಿಸುವ ಮೊದಲು ಮಾಡಲೇಬೇಕಾದ್ದು

ಬಾಯಿಯ ಅಂಚುಗಳು ಎರಡೂ ಈಗಲೇ ಮುಗಿಯಬೇಕು. ಹೊಲಿದ ಮೇಲೆ ಒಳಗಿನ ಮೂಲೆಗೆ ಮರಳು ಕಾಗದ ಹೋಗುವುದಿಲ್ಲ. ತಿಕ್ಕುವ ವಿಧಾನ ಕೊನೆಯಲ್ಲಿ ಹೇಳಿದ್ದೇನೆ, ಅದನ್ನೇ ಇಲ್ಲಿ ಬಾಯಿಯ ಅಂಚಿಗೆ ಮಾತ್ರ ಮಾಡಿ. ಬಣ್ಣ ಹಾಕುವುದಿದ್ದರೂ ಈಗಲೇ ಹಾಕಬೇಕು, ಅಂಟು ತಾಗಿದ ಜಾಗಕ್ಕೆ ಬಣ್ಣ ಹತ್ತುವುದಿಲ್ಲ.

ಒಳಬದಿಯ ನಾರು ಕಾರ್ಡಿಗೆ ಮೆತ್ತಿಕೊಳ್ಳದಂತೆ ಟೋಕೊನೋಲೆ (ಚರ್ಮದ ನಾರನ್ನು ನುಣ್ಣಗೆ ಕೂರಿಸುವ ಲೇಪ) ಹಚ್ಚಿ ಬಾಟಲಿಯ ಬದಿಯಿಂದ ಉಜ್ಜಿದರೆ ನುಣ್ಣಗೆ ಕೂರುತ್ತದೆ. ಆದರೆ ಮೂರು ಬದಿಯ ಅಂಚಿನ 4 ಮಿ.ಮೀ. ಬಿಟ್ಟು ಹಚ್ಚಿ. ಆ ಜಾಗಕ್ಕೆ ಅಂಟು ಬೇಕು, ನುಣುಪಾದ ಕಡೆ ಅಂಟು ಹಿಡಿಯುವುದಿಲ್ಲ. ಅಲ್ಲಿ ಒರಟು ಮರಳು ಕಾಗದ ಆಡಿಸಿ ಇನ್ನಷ್ಟು ಒರಟು ಮಾಡಿದರೆ ಒಳ್ಳೆಯದು.

ಅಂಟು

ಚಪ್ಪಲಿ ರಿಪೇರಿಗೆ ಬಳಸುವ ಫೆವಿಕಾಲ್ ಎಸ್‌ಆರ್ 998 ನಂಥ ರಬ್ಬರ್ ಅಂಟು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಇದನ್ನು ಎರಡೂ ಬದಿಗೆ ಹಚ್ಚಬೇಕು, ತೆಳ್ಳಗೆ. ಹಚ್ಚಿ ಕೂಡಲೇ ಜೋಡಿಸುವುದಲ್ಲ, ಕಾಯಬೇಕು. ಬೆರಳಿನಿಂದ ಮುಟ್ಟಿದರೆ ಅಂಟಿದಂತಾಗಿ, ಆದರೆ ಬೆರಳಿಗೆ ಏನೂ ಬರಬಾರದು. ಹತ್ತು ಹದಿನೈದು ನಿಮಿಷ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹಸಿ ಇದ್ದಾಗಲೇ ಜೋಡಿಸಿದರೆ ತೂತು ಹೊಡೆಯುವಾಗ ಪದರಗಳು ಜಾರುತ್ತವೆ, ಹಿಂದಿನ ತೂತುಗಳು ಮುಂದಿನ ತೂತುಗಳಿಗೆ ತಾಳೆಯಾಗುವುದಿಲ್ಲ. ಕಿಟಕಿ ತೆರೆದಿಡಿ, ಇದರ ವಾಸನೆ ತಲೆ ತಿರುಗಿಸುತ್ತದೆ.

ಒಮ್ಮೆ ತಾಗಿದರೆ ಸರಿಸಲು ಬರುವುದಿಲ್ಲ. ಹಾಗಾಗಿ ಕೆಳಗಿನ ಎರಡು ಮೂಲೆ ಮೊದಲು ಹೊಂದಿಸಿ, ಅಲ್ಲಿಂದ ಮೇಲಕ್ಕೆ ಒತ್ತುತ್ತಾ ಹೋಗಿ. ಅಂಟು 3 ಮಿ.ಮೀ. ಪಟ್ಟಿ ಮಾತ್ರ ಸಾಕು. ಒಳಗೆ ಹರಡಿದರೆ ಕಾರ್ಡ್ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನೊಂದು ಮಾತು, ತುಂಬಾ ಜನ ಬಿಟ್ಟುಬಿಡುವಂಥದ್ದು. ಅಂಟಿಸಿದ ಮೇಲೆ, ಗೆರೆ ಎಳೆಯುವ ಮೊದಲು, ಮೂರು ಬದಿಯ ಅಂಚನ್ನು 220 ನಂಬರಿನ ಮರಳು ಕಾಗದದಲ್ಲಿ ಉಜ್ಜಿ ಎರಡೂ ಪದರ ಸಮ ಮಾಡಿ. ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿಕೊಳ್ಳಿ, ಬರಿಗೈಯಲ್ಲಿ ಉಜ್ಜಿದರೆ ಅಂಚು ಅಲೆಯಾಗುತ್ತದೆ. ಗೆರೆ ಹುಟ್ಟುವುದೇ ಈ ಅಂಚಿನಿಂದ. ಅಂಚಿನ ಅಲೆ ಗೆರೆಗೆ ಬರುತ್ತದೆ, ಗೆರೆಯ ಅಲೆ ಹೊಲಿಗೆಗೆ ಬರುತ್ತದೆ.

ಗೆರೆ ಮತ್ತು ತೂತು

ಡಿವೈಡರನ್ನು 3.5 ಮಿ.ಮೀ.ಗೆ ತೆರೆದು, ಒಂದು ಕಾಲು ಅಂಚಿನ ಹೊರಗೆ ತಾಗಿಸಿ, ಇನ್ನೊಂದು ಕಾಲಿನಿಂದ ಗೀರುತ್ತಾ ಹೋಗಿ. ಹಗುರವಾಗಿ. ಈ ಗೀರು ಹೊಲಿಗೆಯ ಕೆಳಗೆ ಮುಚ್ಚಿಹೋಗುವಷ್ಟೇ ಇರಲಿ. ಕೆಳಗಿನ ಮೂಲೆಗಳಲ್ಲಿ ಎರಡು ಗೆರೆ ಸೇರುವ ಜಾಗ ಸ್ಪಷ್ಟವಾಗಿ ಕಾಣಬೇಕು.

ತೂತು ಹೊಡೆಯುವುದು ಮೂಲೆಯಿಂದ ಶುರುವಾಗಲಿ. ಗೆರೆಗಳು ಸೇರುವ ಜಾಗಕ್ಕೆ ಸರಿಯಾಗಿ ಒಂದು ತೂತು. ಅಲ್ಲಿಂದ ಐರನ್ನಿನ ಮೊದಲ ಹಲ್ಲನ್ನು ಆಗಲೇ ಹೊಡೆದ ಕೊನೆಯ ತೂತಿನೊಳಗೆ ಇಟ್ಟು ಮುಂದಿನದು ಹೊಡೆಯಬೇಕು. ಹಾಗೆ ಮಾಡಿದರೆ ಅಂತರ ತಪ್ಪುವುದಿಲ್ಲ. ಕೆಳಗಿನ ಬದಿ 93 ಮಿ.ಮೀ., ಅಂತರ 4 ಮಿ.ಮೀ. ಸರಿಯಾಗಿ ಭಾಗವಾಗುವುದಿಲ್ಲ, ಒಂದು ಮಿ.ಮೀ. ಮಿಗುತ್ತದೆ. ಅದನ್ನು ಕೊನೆಯ ತೂತಿಗೆ ಹೇರಬೇಡಿ, ಎದ್ದು ಕಾಣುತ್ತದೆ. ಮೊದಲು ಐರನ್ನನ್ನು ಹೊಡೆಯದೆ ಸುಮ್ನೆ ಒತ್ತಿ ಗುರುತು ಮಾಡುತ್ತಾ ಹೋಗಿ. ಕೊನೆಯ ಐದಾರು ತೂತುಗಳನ್ನು ಎರಡು ಹಲ್ಲಿನ ಐರನ್ನಿನಿಂದ ಕೂದಲೆಳೆಯಷ್ಟು ದೂರ ದೂರ ಹೊಡೆದರೆ ಆ ಮಿ.ಮೀ. ಹಂಚಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಐರನ್ ನೆಟ್ಟಗೆ ನಿಲ್ಲಬೇಕು. ಎದುರಿನಿಂದ ನೋಡಿದರೆ ನೆಟ್ಟಗೇ ಕಾಣುತ್ತದೆ, ಪಕ್ಕದಿಂದ ನೋಡಿದಾಗಲೇ ವಾಲಿದ್ದು ಗೊತ್ತಾಗುವುದು. ಹಾಗಾಗಿ ಪ್ರತಿ ಏಟಿಗೂ ಮೊದಲು ತಲೆ ಬಗ್ಗಿಸಿ ಪಕ್ಕದಿಂದ ಒಮ್ಮೆ ನೋಡಿ. ಮುಂದೆ ಚೆನ್ನಾಗಿ, ಹಿಂದೆ ಹಾವಿನ ಹಾದಿಯಂತೆ ಬರುವ ಹೊಲಿಗೆಗೆ ಮುಕ್ಕಾಲು ಪಾಲು ಕಾರಣ ಇದೇ ವಾಲು. ಹಲ್ಲಿನ ತುದಿ ಹಿಂದೆ ಒಂದು ಮಿ.ಮೀ. ಹೊರಬಂದರೆ ಸಾಕು, ಪೂರ್ತಿ ಇಳಿಸಿದರೆ ತೂತು ದೊಡ್ಡದಾಗಿ ದಾರ ಸಡಿಲ ಕೂರುತ್ತದೆ. ತೆಗೆಯುವಾಗ ಚರ್ಮವನ್ನು ಬೆರಳುಗಳಿಂದ ಕೆಳಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎತ್ತಿ. ಹಲ್ಲುಗಳನ್ನು ಆಗಾಗ ಜೇನುಮೇಣಕ್ಕೆ ಚುಚ್ಚಿದರೆ ಸಲೀಸು.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೇಜಿನ ಕಾಲು ಇರುವ ಜಾಗದ ಮೇಲೆ ಹೊಡೆಯಿರಿ. ಏಟು ಪುಟಿಯುವುದಿಲ್ಲ, ಕಡಿಮೆ ಏಟು ಸಾಕಾಗುತ್ತದೆ. ಮೇಜಿನ ಕಾಲ ಕೆಳಗೆ ಮಡಚಿದ ಯೋಗ ಮ್ಯಾಟ್ ಹಾಕಿದರೆ ಕೆಳಗಿನ ಮನೆಯವರೂ ಬೈಯುವುದಿಲ್ಲ.

ಹೊಲಿಗೆ

ನಾವು ಹಾಕುವುದು ಸ್ಯಾಡಲ್ ಸ್ಟಿಚ್. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರು ಬದುರಾಗಿ ದಾಟುತ್ತವೆ. ಹೊಲಿಗೆ ಯಂತ್ರದಲ್ಲಿ ಮೇಲಿನ ದಾರ, ಕೆಳಗಿನ ದಾರ ನಡುವೆ ಕೊಂಡಿ ಹಾಕಿಕೊಂಡಿರುತ್ತವೆ. ಒಂದು ತುಂಡಾದರೆ ಕೊಂಡಿಗಳು ಒಂದರ ಹಿಂದೆ ಒಂದು ಸಡಿಲವಾಗುತ್ತವೆ. ಇಲ್ಲಿ ಹಾಗಲ್ಲ. ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಕಡೆಯದು ಅದೇ ತೂತಿನಲ್ಲಿ ಬಿಗಿಯಾಗಿ ಹಿಡಿದಿರುತ್ತದೆ.

ದಾರ ಎಷ್ಟು? ಹೊಲಿಗೆ ಉದ್ದದ ನಾಲ್ಕು ಪಟ್ಟು, ಅದರ ಮೇಲೆ ಸೂಜಿಗಳಿಗೆ ಸ್ವಲ್ಪ. ನಮ್ಮ ಹೊಲಿಗೆ ಸುಮಾರು 19 ಸೆಂ.ಮೀ., ಒಂದು ಮೀಟರ್ ದಾರ ಸಾಕು. ಜಾಸ್ತಿ ಇರಲಿ ಎಂದು ಎರಡು ಮೀಟರ್ ತೆಗೆದುಕೊಂಡರೆ ಅಷ್ಟೂ ದಾರ ಪ್ರತಿ ತೂತಿನಲ್ಲಿ ಉಜ್ಜಿ ಉಜ್ಜಿ ಕೊನೆಗೆ ನಾರು ನಾರು ಏಳುತ್ತದೆ.

ಸೂಜಿಗೆ ದಾರ ಕಟ್ಟುವ ರೀತಿಯೂ ಬೇರೆ. ದಾರವನ್ನು ಕಣ್ಣಿನಲ್ಲಿ ಎಂಟು ಸೆಂ.ಮೀ. ತೂರಿಸಿ, ತುದಿಯ ಹತ್ತಿರ ದಾರದ ನಡುವೆಯೇ ಸೂಜಿಯ ಮೊನೆಯಿಂದ ಎರಡು ಕಡೆ ಚುಚ್ಚಿ, ಚುಚ್ಚಿದ ಭಾಗವನ್ನು ಸೂಜಿಯ ಮೇಲಿಂದ ಕಣ್ಣಿನ ಕಡೆಗೆ ಎಳೆದುಬಿಡಿ. ಗಂಟಿಲ್ಲದೆ ಬೀಗ ಹಾಕಿದಂತಾಗುತ್ತದೆ.

ಈಗ ಹೊಲಿಯೋಣ. ತೂತು ಹೊಡೆದ ಮುಂಬದಿ ನಿಮ್ಮ ಬಲಕ್ಕೆ ಇರಲಿ. ಬಾಯಿಯ ಕಡೆಯ ಮೊದಲ ತೂತಿನಲ್ಲಿ ಒಂದು ಸೂಜಿ ದಾಟಿಸಿ, ಎರಡೂ ಕಡೆ ದಾರ ಸಮ ಮಾಡಿಕೊಳ್ಳಿ. ಬಾಯಿಯ ಅಂಚಿನ ಮೇಲಿಂದ ದಾರವನ್ನು ಎರಡು ಸುತ್ತು ಹಾಯಿಸಿ ಮತ್ತೆ ಅದೇ ತೂತಿಗೆ ತನ್ನಿ. ಕಾರ್ಡ್ ಎಳೆಯುವಾಗ ಎಲ್ಲಕ್ಕಿಂತ ಜಾಸ್ತಿ ಎಳೆತ ಬೀಳುವುದು ಅಲ್ಲಿ.

ಮುಂದಿನ ತೂತಿಗೆ ಮೊದಲು ಎಡಗೈ ಸೂಜಿ ಬಲಕ್ಕೆ ಬರಲಿ. ಬಲಗೈ ಸೂಜಿಯನ್ನು ಅದರ ಹಿಂದೆ ಅಡ್ಡ ಹಿಡಿದು, ಎರಡನ್ನೂ ಒಟ್ಟಿಗೆ ಹಿಡಿದು ಎಳೆಯಿರಿ. ಈಗ ಬಲಗೈ ಸೂಜಿ ಅದೇ ತೂತಿಗೆ ವಾಪಸ್ ಹೋಗಬೇಕು, ಆಗಲೇ ಇರುವ ದಾರದ ಕೆಳಗಿನಿಂದ. ಇಲ್ಲಿ ಒಂದು ಸೂಕ್ಷ್ಮ ಇದೆ. ಬಲ ಸೂಜಿ ತೂತಿಗೆ ಇಳಿಯುತ್ತಿರುವಾಗ, ಆಗಲೇ ಬಂದ ದಾರವನ್ನು ನಿಮ್ಮ ಕಡೆಗೆ, ಸ್ವಲ್ಪ ಹಿಂದಕ್ಕೆ ಎಳೆದು ಹಿಡಿದಿರಬೇಕು. ಇಲ್ಲದಿದ್ದರೆ ಸೂಜಿ ಆ ದಾರದ ನಡುವೆಯೇ ಚುಚ್ಚಿಕೊಂಡು ಹೋಗುತ್ತದೆ. ಆಗ ದಾರ ಎಳೆದರೂ ಬರುವುದಿಲ್ಲ, ಜೋರು ಮಾಡಿದರೆ ಸೀಳುತ್ತದೆ. ಸಿಕ್ಕಿಕೊಂಡಿದೆಯೇ ನೋಡಲು ಸೂಜಿ ಅರ್ಧ ದಾಟಿದಾಗ ಮೊದಲ ದಾರವನ್ನು ಅತ್ತಿತ್ತ ಎಳೆದು ನೋಡಿ. ಸಲೀಸಾಗಿ ಓಡಿದರೆ ಮುಂದುವರಿಯಿರಿ, ಇಲ್ಲವಾದರೆ ಸೂಜಿ ವಾಪಸ್ ತೆಗೆಯಿರಿ.

ಎರಡೂ ಕೈಯನ್ನು ಒಂದೇ ಬಲದಲ್ಲಿ ಪಕ್ಕಕ್ಕೆ ಎಳೆದು ಬಿಗಿ ಮಾಡಿ. ದಾರ ಚರ್ಮದಲ್ಲಿ ಕೂತರೆ ಸಾಕು, ಚರ್ಮ ಸುಕ್ಕಾಗುವಷ್ಟು ಬೇಡ. ಮುಖ್ಯವಾದದ್ದು, ಯಾವ ಸೂಜಿ ಮೊದಲು, ದಾರದ ಕೆಳಗೋ ಮೇಲೋ, ಎಷ್ಟು ಬಿಗಿ ಎಂಬುದು ಮೊದಲ ತೂತಿನಿಂದ ಕೊನೆಯವರೆಗೆ ಒಂದೇ ಆಗಿರಲಿ. ಮುಂಬದಿಯಲ್ಲಿ ಹೊಲಿಗೆ ಓರೆಯಾಗಿ, ಹಿಂಬದಿಯಲ್ಲಿ ಹೆಚ್ಚುಕಡಿಮೆ ನೇರವಾಗಿ ಕಾಣುವುದು ತಪ್ಪಲ್ಲ. ಒಂದು ಓರೆ, ಒಂದು ನೇರ ಬಂದರೆ ನಡುವೆ ಎಲ್ಲೋ ಕ್ರಮ ಬದಲಾಗಿದೆ ಎಂದರ್ಥ. ಮಧ್ಯದಲ್ಲಿ ಫೋನ್ ಎತ್ತಿದ ಜಾಗ ಹೊಲಿಗೆಯಲ್ಲಿ ಗೊತ್ತಾಗುತ್ತದೆ.

ಕೊನೆಯ ತೂತಿನಲ್ಲೂ ಅಂಚಿನ ಮೇಲೆ ಎರಡು ಸುತ್ತು. ಆಮೇಲೆ ಎರಡು ತೂತು ಹಿಂದಕ್ಕೆ ಹೊಲಿದು, ಎರಡೂ ದಾರ ಹಿಂಬದಿಗೆ ತಂದು, 2 ಮಿ.ಮೀ. ಬಿಟ್ಟು ಕತ್ತರಿಸಿ ಲೈಟರ್ ತೋರಿಸಿ. ಕರಗಿದ ತುದಿಯನ್ನು ಯಾವುದಾದರೂ ಚಪ್ಪಟೆ ಲೋಹದಿಂದ ಒತ್ತಿ. ಇದು ಪಾಲಿಯೆಸ್ಟರ್ ದಾರಕ್ಕೆ ಮಾತ್ರ, ನಾರಿನ ದಾರವಾದರೆ ಒಂದು ಚುಕ್ಕೆ ಅಂಟು ಹಾಕಿ. ಕೊನೆಗೆ ಹೊಲಿಗೆಯ ಮೇಲೆಲ್ಲ ಸುತ್ತಿಗೆಯಿಂದ ಹಗುರವಾಗಿ ತಟ್ಟಿ.

ಹೊಲಿಗೆಯ ಬಗ್ಗೆ ಹೇಳುವಾಗ ಒಂದು ಮಾತು. ನಿಮ್ಮ ರಸ್ತೆಯ ತಿರುವಿನಲ್ಲಿ ಚಪ್ಪಲಿ ಹೊಲಿಯುವ ಅಣ್ಣನೋ ಅಜ್ಜನೋ ಇದ್ದರೆ ಅವರ ಹತ್ತಿರ ಅರ್ಧ ಗಂಟೆ ಕುಳಿತು ನೋಡಿ. ತುದಿಯಲ್ಲಿ ಕೊಕ್ಕೆ ಇರುವ ಉಳಿಯಿಂದ ದಾರ ಎಳೆಯುವ ಅವರ ರೀತಿ ಬೇರೆ. ಆದರೆ ರಂಪಿಗೆಯಿಂದ ಚರ್ಮ ತೆಳ್ಳಗೆ ಕೆರೆಯುವುದನ್ನು, ಅದಕ್ಕೆ ಸಾಣೆ ಕೊಡುವುದನ್ನು ಅವರಷ್ಟು ಚೆನ್ನಾಗಿ ಯಾವ ವಿಡಿಯೊದಲ್ಲೂ ತೋರಿಸಿಲ್ಲ. ಅವರ ಹೊತ್ತಿಗೆ ದುಡ್ಡು ಕೊಡಿ. ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ತಲೆಮಾರುಗಳಿಂದ ಕೈಯಲ್ಲೇ ಆಗುತ್ತಿರುವ ಚಪ್ಪಲಿಗೆ 2019ರಲ್ಲಿ ಕೊಲ್ಹಾಪುರಿ ಹೆಸರಿನಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಅದರಲ್ಲಿವೆ. ನಮಗೆ ಭಾನುವಾರದ ಹವ್ಯಾಸ ಆಗಿರುವುದು ಕೆಲವರಿಗೆ ಜಾತಿಯ ಕಾರಣಕ್ಕೆ ಅವಮಾನ ಉಂಡು ಮಾಡಬೇಕಾಗಿ ಬಂದ ದುಡಿಮೆ. ಅದು ನೆನಪಿದ್ದರೆ ಮಾತಾಡಿಸುವ ಧಾಟಿ ತಾನಾಗೇ ಸರಿ ಇರುತ್ತದೆ.

ಅಂಚು

400 ಮರಳು ಕಾಗದ, ಆಮೇಲೆ 800. ಅಂಚಿನ ಚೂಪು ಮೂಲೆಗಳನ್ನು ಬೆವೆಲರ್ ಇದ್ದರೆ ಅದರಿಂದ, ಇಲ್ಲದಿದ್ದರೆ ಕಾಗದದಿಂದಲೇ ಉರುಟು ಮಾಡಿ. ಬೆರಳನ್ನು ನೀರಿಗೆ ಅದ್ದಿ ಅಂಚಿನ ಮೇಲೆ ಎಳೆಯಿರಿ. ಒದ್ದೆ ಬೇಡ, ತೇವ ಸಾಕು. ನೀರು ಜಾಸ್ತಿಯಾದರೆ ಅಂಚು ಅಣಬೆಯಂತೆ ಎರಡೂ ಕಡೆ ಉಬ್ಬುತ್ತದೆ. ಜೀನ್ಸ್ ಬಟ್ಟೆಯಲ್ಲಿ ಬೇಗ ಬೇಗ, ಹಗುರವಾಗಿ ತಿಕ್ಕಿ. ಹೊಳಪು ತರುವುದು ಬಿಸಿ, ಒತ್ತಡ ಅಲ್ಲ. ಬಟ್ಟೆ ಬೆಚ್ಚಗಾಗುತ್ತಿದ್ದಂತೆ ನಾರುಗಳು ಮಲಗುತ್ತವೆ. ಒಂದು ಹನಿ ಟೋಕೊನೋಲೆ ಹಚ್ಚಿ ಮತ್ತೆ ತಿಕ್ಕಿ, ಕೊನೆಗೆ ಜೇನುಮೇಣ.

ತೇವದ ವೆಜ್ ಟ್ಯಾನ್ ಪಕ್ಕ ಕಬ್ಬಿಣದ ಸಾಮಾನು ಇಡಬೇಡಿ. ಒಗರಿಗೂ ಕಬ್ಬಿಣಕ್ಕೂ ಸೇರಿ ನೀಲಿ-ಕಪ್ಪು ಕಲೆ ಬೀಳುತ್ತದೆ. ಅಳಲೆಕಾಯಿಯಿಂದ ಕಪ್ಪು ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ಎಳೆಯ ಕಲೆಯಾದರೆ ನಿಂಬೆರಸ ಒರೆಸಿದರೆ ಮಾಸುತ್ತದೆ, ಆಮೇಲೆ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ.

ಮಲೆನಾಡು, ಕರಾವಳಿಯವರಿಗೆ ಮಳೆಗಾಲದ ಎಚ್ಚರಿಕೆ: ವೆಜ್ ಟ್ಯಾನ್‌ಗೆ ಬೂಸ್ಟು ಬೇಗ ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿ ಆಡುವ ಕಡೆ ಇಡಿ. ಎಣ್ಣೆ ಹಚ್ಚುವುದಿದ್ದರೂ ಬಟ್ಟೆಗೆ ಹಾಕಿ ಒರೆಸಿದಷ್ಟೇ. ಬೂಸ್ಟು ಬಂದರೆ ಮನೆಯ ಹೊರಗೆ ಒಣ ಬಟ್ಟೆಯಲ್ಲಿ ಒರೆಸಿ ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಇಡಿ, ಮಧ್ಯಾಹ್ನದ ಬಿಸಿಲಿಗೆ ಚರ್ಮ ಸೆಡೆತುಕೊಳ್ಳುತ್ತದೆ.

ಹೊಸಬರು ಕೇಳಿದಾಗ

ಸ್ವಲ್ಪ ಕೈ ಕುದುರಿದ ಮೇಲೆ ನಿಮ್ಮ ಹತ್ತಿರವೂ ಯಾರಾದರೂ ಫೋಟೊ ಹಿಡಿದುಕೊಂಡು ಬರುತ್ತಾರೆ. ಮುಂಬದಿಯ ಫೋಟೊ ನೋಡಿ ಉತ್ತರ ಹೇಳಬೇಡಿ. ಹಿಂಬದಿಯದು ಕೇಳಿ, ಅಂಚಿನದೊಂದು ಕೇಳಿ, ಕಿಟಕಿಯ ಪಕ್ಕದ ಬೆಳಕಿನಲ್ಲಿ ತೆಗೆದದ್ದು. ಯಾವ ಚರ್ಮ, ಎಷ್ಟು ದಪ್ಪ, ಬ್ಲೇಡ್ ಯಾವಾಗ ಬದಲಿಸಿದ್ದು ಎಂದು ಕೇಳಿ. ಆಮೇಲೆ ಹಿಂದಕ್ಕೆ ಹೋಗುತ್ತಾ ಯಾವ ಹಂತದಲ್ಲಿ ಶುರುವಾಯಿತು ಹುಡುಕಿ. ಅದೊಂದನ್ನು ಮಾತ್ರ ಹೇಳಿ. ಆರು ತಪ್ಪು ಪಟ್ಟಿ ಮಾಡಿದರೆ ಅವರು ಆರನ್ನೂ ಅರೆಬರೆ ಸರಿಪಡಿಸಿ ಏನು ಕೆಲಸ ಮಾಡಿತು ಎಂದು ತಿಳಿಯದೆ ಕೂರುತ್ತಾರೆ. ಕೈ ಕತ್ತರಿಸಿಕೊಳ್ಳುವ ರೀತಿ ಕಟರ್ ಹಿಡಿದಿದ್ದು ಫೋಟೊದಲ್ಲಿ ಕಂಡರೆ ಮಾತ್ರ ಮೊದಲು ಅದನ್ನು ಹೇಳಿ.

"ಒಳ್ಳೆ ಟೂಲ್ಸ್ ತಗೊಳ್ಳಿ" ಎಂಬುದು ಸುಲಭದ ಸಲಹೆ, ಎಷ್ಟೋ ಸಲ ತಪ್ಪು ಸಲಹೆ. ದುಬಾರಿ ಐರನ್ ವಾಲಿಸಿ ಹೊಡೆದರೆ ತೂತೂ ವಾಲಿಯೇ ಬೀಳುತ್ತದೆ. ಬದಲಿಗೆ ಬೇಡದ ಚೂರಿನ ಮೇಲೆ ಹತ್ತು ಸೆಂ.ಮೀ. ಗೆರೆ ಎಳೆದು ತೂತು ಮಾತ್ರ ಹೊಡೆದು, ಹಿಂಬದಿಯ ಫೋಟೊ ಕಳಿಸಲು ಹೇಳಿ. ಹೊಲಿಯುವುದೇ ಬೇಡ. ತೂತಿನ ಸಾಲು ಹಿಂದೆಯೂ ನೇರ ಬಂದ ದಿನ ಅವರ ಅರ್ಧ ಸಮಸ್ಯೆ ಮುಗಿಯಿತು. "ಸೂಪರ್" ಎಂದು ಸುಮ್ನೆ ಹೇಳುವುದಕ್ಕಿಂತ "ಎಡಗಡೆ ಮೂಲೆ ತಿರುವಿದ ರೀತಿ ಚೆನ್ನಾಗಿದೆ" ಎಂದರೆ ಮುಂದಿನ ಸಲವೂ ಹಾಗೇ ಮಾಡುತ್ತಾರೆ.

ಮೊದಲ ತುಂಡು ಆದಮೇಲೆ ಏನು ಮಾಡಲಿ ಎಂದು ಕೇಳುವವರಿಗೆ ನನ್ನ ಉತ್ತರ: ಇದನ್ನೇ ಇನ್ನೊಮ್ಮೆ. ಅದೇ ಅಚ್ಚು, ಅದೇ ಚರ್ಮ, ಒಂದೇ ಒಂದು ವಿಷಯದ ಮೇಲೆ ಗಮನ. ಅದಾದ ಮೇಲೆ ಕನ್ನಡಕದ ಚೀಲ ಮಾಡಿ, ಬಾಗಿದ ಅಂಚಿಗೆ ತೂತು ಹೊಡೆಯುವುದು ಅದರಲ್ಲಿ ಬರುತ್ತದೆ. ಬೆಲ್ಟ್ ಸುಲಭವೇ, ಆದರೆ ದಪ್ಪ ಚರ್ಮ ದುಬಾರಿ, ಒಂದೂಕಾಲು ಮೀಟರ್ ನೇರ ಕತ್ತರಿಸುವಷ್ಟು ಕೈ ಸ್ಥಿರವಾಗುವವರೆಗೆ ಅದು ಕಾಯಲಿ.